ಮಿಸ್ರಿ ಬಿಟ್ಟ ಬ್ಯಾಸಗಿ

ಇವತ್ತು ನಳ ಬೆಳಕು ಹರಿಯುವ ಮೊದಲೇ ಬಂತು. ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಿಸಿದೆ. ಮಾವಿನಕಾಯಿ ಹೆಚ್ಚಿ ಉಪ್ಪು ಹಚ್ಚಿ ಭರಣಿಗೆ ಹಾಕಿದೆ. ಮನೆಯವರ ಅಂಗಿಯ ಗುಂಡಿ ಹಚ್ಚಿದೆ. ಮೆಂತೆಪಲ್ಯ ಸೋಸಿದೆ. ಗೋದಿ ಹಸನು ಮಾಡಿ ಗಿರಣಿಗೆ ಕಳಿಸಿದೆ. ಆಮೇಲೆ ಆಳಂದದಿಂದ ಬಸ್ಸು ಹತ್ತಿ ಮಾದನಹಿಪ್ಪರಗಾಕ್ಕೆ ಹೋಗಿ, ಕಾಲು ಉಳುಕಿಸಿಕೊಂಡು ಮಲಗಿದ ನಾದಿನಿಯನ್ನು ಮಾತಾಡಿಸಿಕೊಂಡು ಬಂದೆ.

ಅವಳ ಅಡುಗೆಮನೆಗೆ ಕಾಲಿಡುವಷ್ಟರಲ್ಲಿ ಘಾಟು ಮೂಗಿಗೆ ಬಡಿಯಿತು. ಅವಳ ಅತ್ತೆ ಹಂಚಿನ ಮೇಲೆ ತಂಬಾಕಿನ ಎಲೆ ಹುರಿಯುತ್ತ ಕೂತಿದ್ದರು. ಕರ್ರಗಾಗುವ ತನಕ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಅದೇ ಮಿಸ್ರಿ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದವರೇ ಅದನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತಾರೆ. ಹಲ್ಲು ಅನ್ನುವುದು ನೆವ. ಒಸಡಿಗೆ ಒತ್ತಿಕೊಂಡು, ಕಟ್ಟೆಯ ಮೇಲೆ ಸುಮ್ಮನೆ ಕೂಡುವ ಆ ಒಂದು ಗಳಿಗೆ ಅವರದೇ; ಯಾರ ಮಾತಿಗೂ ಉತ್ತರ ಕೊಡಬೇಕಾಗಿಲ್ಲ, ಯಾಕಂದರೆ ಬಾಯಿ ತುಂಬಿರುತ್ತದೆ. ನಾನು ಒಂದೇ ಸಮನೆ ಸೀನಿದೆ. ಸೀನುತ್ತಲೇ ಚಂದ್ರಭಾಗಾ ಆಯಿ ನೆನಪಾದಳು, ಅವಳ ಜೊತೆಗೆ ಅಫಜಲಪುರದ ಆ ಬ್ಯಾಸಗಿ.

ನಾನು ಅರಿವಳಿಕೆ ಡಾಕ್ಟರು. ಈ ಕಡೆ ಹಾಗಂದರೆ ಯಾರಿಗೂ ತಿಳಿಯುವುದಿಲ್ಲ. "ಗ್ಯಾಸ್ ಕೊಡೋ ಬಾಯಾರು" ಅಂದರೆ ಎಲ್ಲರಿಗೂ ಗೊತ್ತು. ಆ ಬ್ಯಾಸಗಿಯಲ್ಲಿ ನಾನು ಮೂರು ತಾಲೂಕು ಸುತ್ತುತ್ತಿದ್ದೆ. ಸೋಮವಾರ ಜೇವರ್ಗಿ, ಗುರುವಾರ ಅಫಜಲಪುರ, ಉಳಿದ ದಿನ ಆಳಂದ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಬರ್ಫ್ ತುಂಬಿದ ಅಗಲ ಬಾಯಿಯ ಫ್ಲಾಸ್ಕು. ನನ್ನ ಔಷಧಗಳಲ್ಲಿ ಕೆಲವು ತಂಪಿನಲ್ಲೇ ಬದುಕುವಂಥವು. ಸ್ನಾಯು ಸಡಿಲು ಮಾಡುವ ಔಷಧವಂತೂ ನಮ್ಮ ಬಿಸಿಲಿಗೆ ಬಸ್ಸು ಊರು ಮುಟ್ಟುವ ಮೊದಲೇ ಕಸುವು ಕಳಕೊಳ್ಳುತ್ತದೆ. ಬಸ್ಸಿನ ಕಂಡಕ್ಟರನಿಗೆ ಆ ಫ್ಲಾಸ್ಕಿನ ಮೇಲೇ ಕಣ್ಣು.

"ಮೇಡಮ್ಮಾರ, ಇವತ್ತರೆ ಒಂದ ಕುಲ್ಫಿ ಕೊಡ್ರಿ."

"ಕೊಡ್ತೇನಿ ತಮ್ಮಾ. ಆದ್ರ ಅದನ್ನ ತಿಂದ ಮ್ಯಾಲೆ ಸೀಟಿ ಊದಾಕ ನಿನಗ ಉಸರ ಇರಂಗಿಲ್ಲ ನೋಡು."

ಅಫಜಲಪುರದಲ್ಲಿ ನಾನು ಹೋಗುತ್ತಿದ್ದದ್ದು ಒಂದು ಸಣ್ಣ ದವಾಖಾನೆಗೆ. ಸರ್ಜನ್ ಹಿರೇಮಠ ಸರ್ ಅದರ ಯಜಮಾನರು. ಅವರ ಕೈ ಭಾಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಆಪರೇಷನ್ ಕೋಣೆ ನೋಡಿಕೊಳ್ಳುವವಳು ಶಹನಾಜ್ ಸಿಸ್ಟರ್. ನಗುವುದಕ್ಕೆ ನೆವ ಹುಡುಕುವ ಹೆಣ್ಣು.

ಚಂದ್ರಭಾಗಾ ಆಯಿ ಅಲ್ಲಿಗೆ ಬಂದದ್ದು ಮಗ ಮಿಲಿಂದ, ಸೊಸೆ ಸುಜಾತಾ ಇವರ ಜೊತೆ. ಹವಳಗಾ ಹತ್ತಿರದ ಹಳ್ಳಿಯವರು. ತೋಳಿನಲ್ಲಿ ಕಸುವಿರುವ ತನಕ ಕಬ್ಬು ಕಡಿದು, ಮಗನನ್ನು ಹೈಸ್ಕೂಲ್ ಮಾಸ್ತರ ಮಾಡಿದವಳು. ವಯಸ್ಸೆಷ್ಟು ಆಯಿ ಅಂತ ಕೇಳಿದೆ.

"ರಜಾಕಾರ ಗದ್ಲದಾಗ ನಮ್ಮವ್ವ ನನ್ನ ಉಡಿಯಾಗ ಕಟಗೊಂಡು ಓಡಿದ್ಳಂತ. ಲೆಕ್ಕ ನೀವೇ ಹಾಕ್ರಿ, ಸಾಲಿ ಕಲತೋರು."

ಎಡಗಡೆಯ ಎದೆಯಲ್ಲಿ ಗಡ್ಡೆ. ಕಲಬುರಗಿಯಲ್ಲಿ ಸೂಜಿ ಪರೀಕ್ಷೆ ಆಗಿ ಕ್ಯಾನ್ಸರ್ ಅಂತ ಬಂದಿತ್ತು. ಬೇರೆ ಕಡೆಗೆ ಹರಡಿದ ಗುರುತು ಇರಲಿಲ್ಲ, ತೆಗೆದರೆ ಬದುಕಬಹುದಿತ್ತು. ಆದರೆ ಹೋದ ಕಡೆಯಲ್ಲೆಲ್ಲ ಈ ವಯಸ್ಸಿಗೆ ಗ್ಯಾಸು ತಡೆಯುವುದಿಲ್ಲ, ಇದ್ದಷ್ಟು ದಿನ ಇರಲಿ ಅಂತ ವಾಪಸು ಕಳಿಸಿದ್ದರು. ಮಿಲಿಂದ ನನ್ನನ್ನು ಬಾಗಿಲ ಹೊರಗೆ ಕರೆದು, ದನಿ ಸಣ್ಣ ಮಾಡಿ ಹೇಳಿದ.

"ಮೇಡಂ, ನೀವೂ ಆಗಂಗಿಲ್ಲ ಅಂತ ಹೇಳಿಬಿಡ್ರಿ. ನಮ್ಮವ್ವ ನನ್ನ ಮಾತು ಕೇಳಾಕ ತಯಾರಿಲ್ಲ. ಮಲಗಿಸಿದ್ರ ಏಳಂಗಿಲ್ಲ ಅಂತ ಎಲ್ಲಾರೂ ಅಂತಾರ. ನಾನೇ ಕರಕೊಂಡು ಬಂದು, ನಾನೇ ಸಹಿ ಮಾಡಿ ಅಕಿನ್ನ ಮಲಗಿಸಿ... ಹೆಂಗ್ರಿ?"

ಒಳಗಿಂದ ಆಯಿಯ ದನಿ ಬಂತು. "ಏ ಮಿಲಿಂದ್ಯಾ, ಗಡ್ಡಿ ಬಂದದ್ದು ಎದಿಗೆ. ಕಿವಿ ಇನ್ನಾ ಛಂದ ಅದಾವ. ಕ್ಯಾನ್ಸರ್ ಅಂತ ನನ್ನ ಮುಂದೇ ಅನ್ನು."

ನಾವು ಒಳಗೆ ಹೋದೆವು. ಅವಳು ಸೆರಗು ಸರಿ ಮಾಡಿಕೊಂಡು ನನ್ನನ್ನೇ ನೋಡಿದಳು. "ಬಾಯಾರ, ಸಾಯೂದು ನನಗೇನು ಹೊಸಾದಲ್ಲ, ಭಾಳ ಮಂದಿ ಸತ್ತದ್ದು ನೋಡೇನಿ. ಆದ್ರ ಇದನ್ನ ಕಟಗೊಂಡು ಮಣ್ಣಿಗೆ ಹೋಗಂಗಿಲ್ಲ. ಮೈ ನಂದು. ತೆಗೀರಿ ಅಂತ ನಾ ಹೇಳಾಕತ್ತೇನಿ. ಮತ್ತ್ಯಾರ್ನ ಕೇಳ್ತೀರಿ?"

ಆಗ ನನಗೂ ಹಟ ಬಂತು. ವಯಸ್ಸಾಯಿತು ಅನ್ನುವ ಮಾತು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಭಾಳ ಬೇಗ ಹತ್ತುತ್ತದೆ. ಗಂಡಸಿಗೆ ಹರ್ನಿಯಾ ಆದರೆ ಎಪ್ಪತ್ತಾದರೂ ಸೊಲ್ಲಾಪುರಕ್ಕೆ ಒಯ್ಯುತ್ತಾರೆ. ಮುದುಕಿಗೆ ಆದರೆ ಇನ್ನೆಷ್ಟು ದಿನ ಬಿಡ್ರಿ ಅನ್ನುತ್ತಾರೆ. ಆದರೂ ಹಟ ಬೇರೆ, ಔಷಧ ಬೇರೆ. ಆಯಿಗೆ ಬಿಪಿ ಇತ್ತು. ಹೃದಯದ ಫೋಟೋ ತೆಗೆಸಬೇಕು, ಬಿಪಿ ಹತೋಟಿಗೆ ಬರಬೇಕು, ರಕ್ತ ತಯಾರಿರಬೇಕು, ಅವೆಲ್ಲ ಆದರೆ ನಾನು ಕೊಡುತ್ತೇನೆ, ಒಂದು ಕಡಿಮೆಯಾದರೂ ಕೊಡುವುದಿಲ್ಲ ಅಂದೆ. ಮಿಲಿಂದ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು ಕೂತ. ಆಯಿ ಚಹಾ ಕೇಳಿದಳು.

ಎಲ್ಲ ತಯಾರಿ ಆಗಿ ಗುರುವಾರ ಬಂತು. ಸುಜಾತಾ ಬಾಗಿಲಲ್ಲೇ ಹೆಮ್ಮೆಯಿಂದ ಹೇಳಿದಳು, "ನಿನ್ನೆ ರಾತ್ರಿಯಿಂದ ಒಂದ ತುತ್ತ ಬಾಯಿಗೆ ಹಾಕಿಲ್ರಿ ಮೇಡಮ್ಮಾರ. ನೀರ ಸೈತ ನೀವು ಹೇಳಿದ ಹೊತ್ತಿಗೇ ಬಂದ್ ಮಾಡೇನಿ." ಶಹನಾಜ್ ಆಯಿಗೆ ಹಸಿರು ಗೌನು ತೊಡಿಸಿ ಬಾಯಿ ತೆರೆಯಲು ಹೇಳಿದಳು. ತೆರೆದರೆ ಕರ್ರಗೆ. ಕೆನ್ನೆಯೊಳಗೆ ಮಿಸ್ರಿ ಒತ್ತಿಕೊಂಡೇ ಬಂದಿದ್ದಾಳೆ!

"ಯಾ ಅಲ್ಲಾ! ಸುಜಾತಾ, ಏನಿದು?"

"ಮಿಸ್ರಿ ಅಲ್ಲೇನ್ರಿ. ಅದೇನ ಊಟೇನು?" ಸುಜಾತಾಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಮ್ಮಲ್ಲಿ ಉಪವಾಸ ಅಂದರೆ ಹಾಗೆಯೇ. ಮಿಸ್ರಿಯನ್ನು ಯಾವ ಉಪವಾಸವೂ ತಡೆಯುವುದಿಲ್ಲ. ಅದು ಮುಖ ತೊಳೆದುಕೊಂಡ ಹಾಗೆ. ಸೊಸೆಯೇ ಬೆಳಿಗ್ಗೆ ಹೊಸದಾಗಿ ಹುರಿದು ಕೊಟ್ಟಿದ್ದಳು, ಅತ್ತೆಗೆ ಧೈರ್ಯ ಇರಲಿ ಅಂತ. ಬಿಪಿ ನೋಡಿದರೆ ಆಕಾಶದಲ್ಲಿತ್ತು. ತಂಬಾಕು ರಕ್ತಕ್ಕೆ ಇಳಿದಿತ್ತು, ಬಾಯಿ ತುಂಬ ಜೊಲ್ಲು, ಎಷ್ಟು ನುಂಗಿದ್ದಾಳೋ ಲೆಕ್ಕವಿಲ್ಲ. ಆವತ್ತು ಆಗುವುದಿಲ್ಲ ಅಂತ ನಾನು ಕೈಗವಸು ತೆಗೆದೆ.

ಮಿಲಿಂದನ ಮುಖದ ಮೇಲೆ ಒಂದು ಬಗೆಯ ಬಿಡುಗಡೆ. "ನೋಡವ್ವ, ಇದು ಆಗೂದಲ್ಲ. ಮನಿಗೆ ನಡಿ. ಎಲ್ಲಾರೂ ಅಂದದ್ದು ಖರೇ ಆತು."

ಆಯಿ ಸಿಂಕಿನ ಹತ್ತಿರ ಹೋಗಿ ಉಗುಳಿದಳು, ಬಾಯಿ ತೊಳೆದಳು, ಗೌನಿನಿಂದಲೇ ತುಟಿ ಒರಸಿಕೊಂಡಳು. "ಎಷ್ಟ ದಿನ ಬಿಡಬೇಕ್ರಿ ಬಾಯಾರ?"

"ಇನ್ನೆರಡು ವಾರ ಆಯಿ. ಪೂರಾ ಬಿಡಬೇಕು. ನೆಕ್ಕಿ ನೋಡಾಕೂ ಇಲ್ಲ."

"ಹದಿನಾಕರ ಪೋರಿ ಇದ್ದಾಗಿಂದ ತಿಕ್ಕಾಕತ್ತೇನಿ. ಗಂಡ ಬಿಡಿಸಾಕ ನೋಡಿದ, ಅಂವನೇ ಹೋದ. ಈಗ ಬಿಟ್ಟೆ." ಮಗನ ಕಡೆ ತಿರುಗಿದಳು. "ನೀ ಏನ ಹಲ್ಲ ಕಿಸಿಯಾಕತ್ತೀ? ಮತ್ತ ಬರ್ತೇನಿ. ಬಸ್ಸಿನ್ಯಾಗ ನೀ ಬರದಿದ್ರೂ ಬರ್ತೇನಿ."

ಆ ಎರಡು ವಾರ ಅವರ ಮನೆಯಲ್ಲಿ ಏನು ನಡೆಯಿತು ಅನ್ನುವುದು ಸುಜಾತಾಳ ಫೋನಿನಿಂದ ತಿಳಿಯುತ್ತಿತ್ತು. ಅತ್ತೆಗೆ ಬೆಳಿಗ್ಗೆ ಬಾಯಿ ಖಾಲಿಯಾಗಿ, ಇಷ್ಟು ವರ್ಷ ತಡೆದಿಟ್ಟುಕೊಂಡಿದ್ದ ಮಾತೆಲ್ಲ ಹೊರಗೆ ಬರಹತ್ತಿತ್ತು. ಓಣಿಯಲ್ಲಿ ಯಾರ ಮನೆಯ ಕಸ ಯಾರ ಬಾಗಿಲಿಗೆ ಬಂತು, ಸೊಸೆ ಯಾವ ಪಲ್ಯಕ್ಕೆ ಉಪ್ಪು ಮರೆತಳು, ಎಲ್ಲ. "ಮೇಡಮ್ಮಾರ, ನಿಮ್ಮ ಪುಣ್ಯಾ, ಒಂದ ಚಿಟಿಕೆ ಕೊಡಲೇನು? ನಂಗ ತಡಿಯಾಕ ಆಗವಲ್ದು." ಬೇಡವೇ ಬೇಡ ಅಂದೆ. ಓಣಿಯವರು ಬಂದು, ಮುದುಕಿಗೆ ಕಡೀಗಾಲಕ್ಕೆ ಇರೋ ಒಂದು ಸುಖಾನೂ ಕಿತಗೊಂಡ್ರಲ್ಲ ಅಂತ ಸುಜಾತಾಳಿಗೇ ಬಯ್ದರಂತೆ. ಆಯಿ ಒಳಗಿಂದ ಎದ್ದು ಬಂದು, "ಕಡೀಗಾಲ ನಿಂದು ಇರಬೇಕ ಬೇ, ನಂದಲ್ಲ" ಅಂದು ಬಾಗಿಲು ಹಾಕಿಕೊಂಡಳಂತೆ. ಹಂಚನ್ನು ತೊಳೆದು ಅಟ್ಟಕ್ಕೆ ಹಾಕಿಸಿದಳಂತೆ.

ನಾನು ಬಸ್ಸಿನಲ್ಲಿ ಕೂತು ಅವಳ ಗಂಟಲಿನ ಬಗ್ಗೆಯೇ ವಿಚಾರ ಮಾಡುತ್ತಿದ್ದೆ. ಪೂರ್ತಿ ಮಲಗಿಸಿದ ಮೇಲೆ ರೋಗಿಯ ಉಸಿರಿನ ಹೊಣೆ ನಮ್ಮದು. ನಾಲಿಗೆಯನ್ನು ಉಪಕರಣದಿಂದ ಮೇಲೆತ್ತಿ, ಶ್ವಾಸನಾಳದೊಳಗೆ ಒಂದು ಕೊಳವೆ ಇಳಿಸುತ್ತೇವೆ. ವಯಸ್ಸಾದವರಿಗೆ ಗಂಡಾಂತರ ಇರುವುದು ಅಲ್ಲೇ. ಔಷಧ ಕಡಿಮೆಯಾದರೆ ಆ ಕೊಳವೆ ಗಂಟಲಿಗೆ ತಗುಲಿದ ಕೂಡಲೇ ಬಿಪಿ ಏರಿ, ಹೃದಯ ಓಟ ಕೀಳುತ್ತದೆ. ಹೆಚ್ಚಾದರೆ ಕೊಳವೆ ಇಳಿಸುವ ಮೊದಲೇ ಬಿಪಿ ನೆಲ ಹಿಡಿಯುತ್ತದೆ. ಮಲಗಿಸುವ ಔಷಧಗಳಲ್ಲಿ ಪ್ರೊಪೋಫಾಲ್ ಗಂಟಲನ್ನು ಚೆನ್ನಾಗಿ ಸಡಿಲಿಸುತ್ತದೆ, ಆದರೆ ಬಿಪಿ ಇಳಿಸುತ್ತದೆ. ಎಟೊಮಿಡೇಟ್ ಬಿಪಿಯನ್ನು ಮುಟ್ಟುವುದಿಲ್ಲ, ಆದರೆ ಗಂಟಲು ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಕಲಬುರಗಿಯಿಂದ ಅದನ್ನೂ ತರಿಸಿಟ್ಟೆ. ಜೇವರ್ಗಿಯಲ್ಲಿ ಯಡ್ರಾಮಿ ಕಡೆಯ ಒಬ್ಬ ಹಿರಿಯರಿಗೆ ಕೊಡುವಾಗಲೂ ಮನಸ್ಸಿನಲ್ಲಿ ಆಯಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಕಡೆಗೆ ಗಟ್ಟಿ ಮಾಡಿಕೊಂಡೆ: ಮೊದಲು ನೋವು ತಗ್ಗಿಸುವ ಫೆಂಟನಿಲ್ ಸ್ವಲ್ಪ, ಅದು ಹತ್ತುವ ತನಕ ಕಾಯುವುದು, ಕೊಳವೆ ತಗುಲಿದರೆ ಗಂಟಲು ಕೆರಳದಂತೆ ರಕ್ತನಾಳಕ್ಕೆ ಲಿಗ್ನೋಕೇನ್, ಆಮೇಲೆ ಪ್ರೊಪೋಫಾಲ್, ಹರೆಯದವರಿಗೆ ಕೊಡುವುದರ ಅರ್ಧದಷ್ಟು, ಅದೂ ಹನಿ ಹನಿಯಾಗಿ. ಕಡೆಗೆ ಸ್ನಾಯು ಸಡಿಲಿಸಲು ಫ್ಲಾಸ್ಕಿನೊಳಗಿನ ಅಟ್ರಾಕ್ಯುರಿಯಂ, ನಿಧಾನಕ್ಕೆ. ಮೂತ್ರಪಿಂಡ ಮುದಿಯಾಗಿದ್ದರೂ ಅದು ಮೈಯಲ್ಲಿ ತಾನಾಗಿಯೇ ಒಡೆದು ಹೋಗುತ್ತದೆ.

ಎರಡು ವಾರ ಕಳೆದು ಮತ್ತೆ ಗುರುವಾರ ಬಂತು. ಹಿರೇಮಠ ಸರ್ ಕೈ ತೊಳೆಯುತ್ತಲೇ ನನ್ನ ಸಿರಿಂಜುಗಳನ್ನು ನೋಡಿ ಹುಬ್ಬು ಹಾರಿಸಿದರು.

"ಇದೇನ್ರಿ, ದೀಪಾವಳಿ ಫರಾಳದ ತಾಟು ಹಚ್ಚಿಟ್ಟಂಗ ಹಚ್ಚೀರಿ? ಕೆಟಮಿನ್ ಕೊಡ್ರಿ, ಪೈಪೂ ಬ್ಯಾಡ ಗೀಪೂ ಬ್ಯಾಡ. ಕ್ಯಾಂಪಿನ್ಯಾಗ ನಾ ಎಷ್ಟ ಮಾಡೇನಿ."

"ಕೆಟಮಿನ್ ಇಕಿ ಬಿಪಿ ಮತ್ತ ಏರಿಸ್ತದ ಸರ್. ಎದ್ದ ಮ್ಯಾಲೆ ತಲಿನೂ ಕೆಡಬಹುದು. ಪೈಪ್ ಹಾಕೇ ಮಾಡ್ತೇನಿ."

"ನೀವು ಪೈಪ್ ಹಾಕೂದ್ರಾಗ ನಾ ಆಪರೇಷನ್ ಮುಗಸ್ತೇನಿ."

"ಹಂಗಾದ್ರ ಇವತ್ತು ನೀವು ಕಾಯ್ರಿ. ನಾ ಹೇಳೂ ತನಕ ಚಾಕು ಮುಟ್ಟಬ್ಯಾಡ್ರಿ."

ಹೀಗೆ ನಾನು ಅವರಿಗೆ ಯಾವತ್ತೂ ಅಂದಿರಲಿಲ್ಲ. ಶಹನಾಜ್ ಟ್ರೇ ಜೋಡಿಸುವ ನೆವದಲ್ಲಿ ಆ ಕಡೆ ತಿರುಗಿದಳು. ಅವಳ ಹೆಗಲು ನಗುತ್ತಿತ್ತು. ಹಿರೇಮಠ ಸರ್, "ನಿಮ್ಮ ರೋಗಿ, ನಿಮ್ಮ ಜವಾಬ್ದಾರಿ" ಅಂದರು. ಹೌದು, ನನ್ನ ಜವಾಬ್ದಾರಿಯೇ ಅಂದೆ.

ಆಯಿ ನಡೆದುಕೊಂಡೇ ಒಳಗೆ ಬಂದಳು. "ಜೈಭೀಮ್ ಬಾಯಾರ" ಅಂದು ತಾನೇ ಟೇಬಲ್ಲು ಹತ್ತಿದಳು. ಬಾಯಿ ತೆರೆಸಿದೆ, ಸ್ವಚ್ಛ. ಒಸಡು ಮೊದಲ ಸಲ ಕೆಂಪಗೆ ಕಂಡಿತು. ಆದರೆ ಮುಂದಿನ ಒಂದು ಹಲ್ಲು ತೂಗಾಡುತ್ತಿತ್ತು. ಉಪಕರಣ ತಾಗಿದರೆ ಮುರಿದು ಶ್ವಾಸನಾಳಕ್ಕೆ ಬೀಳಬಹುದು. ಕಿತ್ತುಬಿಡಲೇನು ಅಂತ ಕೇಳಿದೆ.

"ಒಂದ ದಿನಕ್ಕ ಎರಡೆರಡು ತೆಗೀತೀರೇನು? ಎದೀದು ಒಯ್ರಿ. ಹಲ್ಲ ಇರಲಿ, ರೊಟ್ಟಿ ತಿನ್ನಾಕ ಬೇಕು."

ಆ ಹಲ್ಲಿಗೆ ಹೊಲಿಗೆಯ ದಾರ ಕಟ್ಟಿ, ದಾರದ ತುದಿಯನ್ನು ಕೆನ್ನೆಗೆ ಪಟ್ಟಿ ಹಚ್ಚಿ ಅಂಟಿಸಿದೆ, ಬಿದ್ದರೂ ಎಳೆದುಕೊಳ್ಳಬಹುದು. ಮೂಗು ಬಾಯಿಗೆ ಮಾಸ್ಕು ಹಿಡಿದೆ. ಫೆಂಟನಿಲ್ ಕೊಟ್ಟು ಕಾದೆ. ಲಿಗ್ನೋಕೇನ್ ಕೊಟ್ಟೆ. ಪ್ರೊಪೋಫಾಲ್ ಹಾಲಿನಂತೆ ನಳಿಕೆಯಲ್ಲಿ ಸ್ವಲ್ಪ ಸ್ವಲ್ಪ ಇಳಿಯಿತು. ಮಾಸ್ಕಿನೊಳಗಿಂದ ಆಯಿ ಮಾತಾಡುತ್ತಲೇ ಇದ್ದಳು, ಕಬ್ಬಿನ ಗರಿ ಕೊಯ್ದಾಗ ಮೈಯೆಲ್ಲ ಹೆಂಗ ಕಡೀತದ ಅನ್ನುವ ಸುದ್ದಿ.

"ಇನ್ನಾ ಭಾಷಣ ನಡದದ" ಅಂದರು ಹಿರೇಮಠ ಸರ್. "ಹಾಕ್ರಿ ಇನ್ನೊಂದಿಷ್ಟು. ಏನೂ ಹತ್ತಿಲ್ಲ."

ತಪ್ಪು ಆಗುವುದು ಇಲ್ಲಿಯೇ. ವಯಸ್ಸಾದವರಲ್ಲಿ ರಕ್ತ ನಿಧಾನ. ಕೈಗೆ ಹಾಕಿದ್ದು ತಲೆ ಮುಟ್ಟಲು ಹೊತ್ತು ಬೇಕು. ಹತ್ತಿಲ್ಲವೆಂದು ಮತ್ತೆ ಸುರಿದರೆ, ಮೊದಲಿನದೂ ಆಮೇಲಿನದೂ ಒಟ್ಟಿಗೆ ಮುಟ್ಟಿ ಮನುಷ್ಯನನ್ನು ಮುಳುಗಿಸುತ್ತವೆ. ನಾನು ಸಿರಿಂಜು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತೆ. "ಹಾಕಂಗಿಲ್ಲ ಸರ್. ಮುಟ್ಟಲಿ." ಕೋಣೆಯಲ್ಲಿ ಮಾನಿಟರಿನ ಟಿಕ್ ಟಿಕ್ ಬಿಟ್ಟರೆ ಆಯಿಯ ಕಬ್ಬಿನ ಗದ್ದೆ. ಹಿರೇಮಠ ಸರ್ ನಿಟ್ಟುಸಿರು ಬಿಟ್ಟರು, ಕಾಲು ಬದಲಿಸಿದರು. ನಾನು ಕಾದೆ.

"...ಗರಿ ಕೊಯ್ದ ಮ್ಯಾಲೆ ಮೈಗೆ ಎಣ್ಣಿ..." ಅಂದಳು ಆಯಿ. ಮುಂದೆ ಮಾತು ಬರಲಿಲ್ಲ.

ಬಿಪಿ ಒಂದಿಷ್ಟು ಇಳಿದು, ಅಲ್ಲೇ ನಿಂತಿತು. ಸ್ನಾಯು ಸಡಿಲಿಸುವ ಔಷಧ ಕೊಟ್ಟು, ದವಡೆ ಹಲ್ಲು ಹೋಗಿ ತಗ್ಗಾದ ಕೆನ್ನೆ ಒಳಗೆ ಬೀಳದಂತೆ ಮಾಸ್ಕು ಹಿಡಿದು, ಬಲೂನು ಒತ್ತಿ ಉಸಿರಾಡಿಸುತ್ತ ಮತ್ತೆ ಕಾದೆ. ಆಮೇಲೆ ನಾಲಿಗೆ ಎತ್ತಿದೆ. ಹಲ್ಲು ಅಲುಗಿತು, ದಾರ ಹಿಡಿಯಿತು. ಗಂಟಲು ಸಡಿಲಾಗಿ ತೆರೆದುಕೊಂಡಿತ್ತು, ಕೆಮ್ಮಿಲ್ಲ, ಬಿಗಿಯಿಲ್ಲ. ಕೊಳವೆ ಇಳಿಯಿತು. ಶಹನಾಜ್ ಮಾನಿಟರ್ ಕಡೆ ನೋಡಿ ಬಿಪಿಯ ಅಂಕಿ ಓದಿದಳು, ಯಾರೋ ಬಜಾರಕ್ಕೆ ಹೋಗಿ ಬಂದ ಸುದ್ದಿ ಹೇಳಿದಷ್ಟು ಸಹಜವಾಗಿ. ಎದೆಯ ಎರಡೂ ಕಡೆ ಉಸಿರು ಕೇಳಿ, "ಈಗ ಮುಟ್ರಿ ಸರ್" ಅಂದೆ.

ಹಿರೇಮಠ ಸರ್ ಚಾಕು ಕೈಗೆತ್ತಿಕೊಂಡರು.

ಆಪರೇಷನ್ ಮುಗಿದ ಮೇಲೆ ಆಯಿ ಸಾವಕಾಶ ಕಣ್ಣು ತೆರೆದಳು. ಹೆಸರು ಹಿಡಿದು ಕರೆದೆ, ಕೈ ಹಿಸುಕಿದಳು. ಆ ಹಿಡಿತದಲ್ಲಿ ಕಬ್ಬು ಕಡಿದ ಕಸುವು ಇನ್ನೂ ಇತ್ತು. ಕೊಳವೆ ತೆಗೆದೆ, ಹಲ್ಲಿನ ದಾರ ಬಿಚ್ಚಿದೆ. ದನಿ ಗೊಗ್ಗರಾಗಿತ್ತು.

"ತೆಗದ್ರಿಲ್ಲೋ?"

"ತೆಗದ್ವಿ ಆಯಿ."

"ತೋರಸ್ರಿ."

ಹಿರೇಮಠ ಸರ್ ಈಗ ಬೇಡ, ಮನಸ್ಸಿಗೆ ತ್ರಾಸಾಗುತ್ತದೆ ಅಂದರು. ಆಯಿ ಅವರ ಕಡೆ ನೋಡಲೇ ಇಲ್ಲ. "ನಂದದ, ತೋರಸ್ರಿ." ಶಹನಾಜ್ ಪರೀಕ್ಷೆಗೆ ಕಳಿಸಲು ಇಟ್ಟಿದ್ದ ಡಬ್ಬಿಯನ್ನು ಹತ್ತಿರ ಹಿಡಿದಳು. ಆಯಿ ಕತ್ತು ಎತ್ತಲಾಗದೆ ಕಣ್ಣಷ್ಟೇ ಹೊರಳಿಸಿ, ಬಜಾರದಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು.

"ಇಷ್ಟೇ ಏನು? ಇದಕ್ಕ ಊರ ಮಂದಿ ಎಲ್ಲಾ ಅಂಜಿದ್ರ?"

ಮಿಲಿಂದನನ್ನು ಒಳಗೆ ಕರೆದಾಗ ಅವನು ಬಾಗಿಲಲ್ಲೇ ನಿಂತ. ತಾಯಿ "ಬಾ ಲೇ, ಕಚ್ಚಂಗಿಲ್ಲ" ಅಂದ ಮೇಲೆ ಒಳಗೆ ಬಂದು ಅವಳ ಪಾದ ಹಿಡಿದು ಅತ್ತ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯಲಿ ಅಂತ ಬಿಟ್ಟಳು, ಅಷ್ಟೆ. ಮುಂದೆ ರಿಪೋರ್ಟು ಬಂದು, ಕಲಬುರಗಿಯಿಂದ ಗುಳಿಗೆ ಶುರುವಾಗಿ, ಬ್ಯಾಸಗಿಗೊಮ್ಮೆ ತಪಾಸಣೆಗೆ ಅವಳು ಹೋಗಿ ಬರುವುದು ನಡೆದೇ ಇದೆ. ಆಮೇಲೆ ನಾನು ಎಷ್ಟೋ ಹಿರಿಯರಿಗೆ ಕೊಳವೆ ಇಳಿಸಿದ್ದೇನೆ. ಎಲ್ಲರಿಗೂ ಅದೇ ಔಷಧ ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಎಟೊಮಿಡೇಟೇ ಸರಿ, ಕೆಲವರನ್ನು ನಾನೇ ಕಲಬುರಗಿಗೆ ಕಳಿಸಿದ್ದೇನೆ. ಆದರೆ ವಯಸ್ಸಾಯಿತು ಅನ್ನುವುದೊಂದೇ ಕಾರಣಕ್ಕೆ ಯಾರನ್ನೂ ವಾಪಸು ಕಳಿಸಿಲ್ಲ. ಕಳಿಸುವುದೂ ಇಲ್ಲ.

ಆಪರೇಷನ್ ಆದ ಆ ದಿನ ನಾನು ಆಳಂದದ ಬಸ್ಸು ಹತ್ತಲಿಲ್ಲ. ಅವಳನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸುಜಾತಾ ವಾರ್ಡಿನ ನೆಲದ ಮೇಲೆ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಪುಂಡಿಪಲ್ಯ, ಮೊಸರು, ಉಳ್ಳಾಗಡ್ಡಿ. ಹಿರೇಮಠ ಸರ್ ಕೂಡ ಚಕ್ಕಳಮಕ್ಕಳ ಹಾಕಿ ಕೂತು ಪುಂಡಿಪಲ್ಯ ಎರಡನೇ ಸಲ ಹಾಕಿಸಿಕೊಂಡರು. ಆಯಿಗೆ ತೆಳ್ಳಗಿನ ಗಂಜಿ. ಚಮಚೆಯಲ್ಲಿ ಕುಡಿಸಲು ಹೋದರೆ ಬಟ್ಟಲನ್ನೇ ಕಸಿದುಕೊಂಡಳು. ಮೊದಲು ನಿದ್ದೆ ಹೋದವನು ಮಿಲಿಂದ, ಗೋಡೆಗೆ ಒರಗಿ, ಕೈ ಸೈತ ತೊಳೆಯದೆ. ಅವನ ಹಿಂದೆ ಸುಜಾತಾ, ಖಾಲಿ ಬುತ್ತಿಯ ಪಕ್ಕದಲ್ಲೇ. ಹಿರೇಮಠ ಸರ್ ಒಂದು ಗಳಿಗೆ ಅಂತ ಕುರ್ಚಿಯಲ್ಲಿ ಕೂತವರು ಗೊರಕೆ ಹೊಡೆಯಹತ್ತಿದರು. ಆಯಿಯ ನಾಡಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ ನನಗೂ ಕಣ್ಣೆಳೆಯಿತು. ಅವಳು ದಿಂಬಿಗೆ ಒರಗಿ, ಕಣ್ಣು ಪೂರ್ತಿ ತೆರೆದು, ಒಬ್ಬೊಬ್ಬರನ್ನೇ ನೋಡಿ ಕಡೆಗೆ ಶಹನಾಜಳನ್ನು ಕೇಳಿದ್ದು ನನಗೆ ತೂಕಡಿಕೆಯಲ್ಲೇ ಕೇಳಿಸಿತು:

"ಏ ಸಿಸ್ಟರ, ಇವರಿಗೆಲ್ಲಾ ಯಾರ ಕೊಟ್ರ ಗ್ಯಾಸು?"